ಕಾಪುವಿನ ಕಡಲದೀಪ

ಮೈಸೂರಿನವರಾದ ನಮಗೆ ದೀಪವೆಂದರೆ ಅರಮನೆಯ ದೀಪವೇ. ನವರಾತ್ರಿಯ ಸಂಜೆಗಳಲ್ಲಿಯೂ, ಉಳಿದಂತೆ ಭಾನುವಾರಗಳಂದು ಕತ್ತಲಾಗುವ ಹೊತ್ತಿನಲ್ಲಿಯೂ, ಲಕ್ಷಕ್ಕೆ ಸಮೀಪದಷ್ಟು ಬಲ್ಬುಗಳು ಕಣ್ಣೆವೆ ಮುಚ್ಚಿ ತೆರೆಯುವಷ್ಟರಲ್ಲಿ ಒಟ್ಟಿಗೆ ಹತ್ತಿಕೊಂಡಾಗ, ಹುಟ್ಟಿದಂದಿನಿಂದ ಅದನ್ನು ಕಂಡವರೂ ಒಮ್ಮೆ 'ಆಹಾ!' ಎನ್ನದೆ ಇರಲಾರರು. ಅದು ನೋಡಲೆಂದೇ ಹಚ್ಚಿದ ಬೆಳಕು; ವೈಭವದ ಬೆಳಕು. ಇದಕ್ಕೆ ತೀರ ಬೇರೆಯಾದ ಇನ್ನೊಂದು ಬಗೆಯ ದೀಪವುಂಟು. ಅದನ್ನು ನೋಡಿ ಯಾರೂ ನಲಿಯಬೇಕೆಂದಿಲ್ಲ. ಅದು ಇಲ್ಲದೆ ಹೋದರೆ ಮಾತ್ರ ಎಲ್ಲೋ ಒಂದು ಮನೆಯಲ್ಲಿ ಯಾರೋ ಅಳಬೇಕಾಗುತ್ತದೆ.

1897ರಲ್ಲಿ ನಮ್ಮ ಹಳೆಯ ಅರಮನೆ ಬೆಂಕಿಗೆ ಆಹುತಿಯಾಗಿ, ಹೆನ್ರಿ ಇರ್ವಿನ್ನರ ನಕ್ಷೆಯಂತೆ ಹೊಸ ಅರಮನೆ ಮೇಲೇಳುತ್ತಿದ್ದ ಕಾಲದಲ್ಲಿಯೇ, ಘಟ್ಟದ ಕೆಳಗೆ ಅರಬ್ಬೀ ಸಮುದ್ರದ ಅಂಚಿನ ಕಾಪು ಎಂಬ ಊರಿನ ಬಂಡೆಯೊಂದರ ಮೇಲೆ ಅಂತಹ ದೀಪವೊಂದನ್ನು ಕಟ್ಟಲಾಯಿತು. ಅದು 1901ನೆಯ ಇಸವಿ. ಶಿವನಸಮುದ್ರದಲ್ಲಿ ವಿದ್ಯುತ್ತು ಹುಟ್ಟಿದ್ದು ಅದರ ಮರುವರ್ಷ. ಅರಮನೆ ಪೂರ್ತಿಯಾದದ್ದು 1912ರಲ್ಲಿ. ಹೀಗೆ ವಯಸ್ಸಿನಲ್ಲಿ ಅರಮನೆಗಿಂತ ಹಿರಿಯನಾದ ಈ ಒಂಟಿ ದೀಪವನ್ನು ನೋಡಿಬರಬೇಕೆಂದು, ಕಳೆದ ಚಳಿಗಾಲದಲ್ಲಿ ಮಕ್ಕಳಿಗೆ ರಜೆ ಬಂದಾಗ, ನಾವು ಐದು ಮಂದಿ ಮೈಸೂರಿನಿಂದ ಹೊರಟೆವು: ನಾನು, ನಮ್ಮ ಮನೆಯಾಕೆ, ಇಬ್ಬರು ಮಕ್ಕಳು, ಮತ್ತು ಎಪ್ಪತ್ತೆರಡು ದಾಟಿದ ನಮ್ಮ ತಾಯಿಯವರು.

ಕಡಲನ್ನು ಕಳೆದುಕೊಂಡ ನಾಡು

ಮೈಸೂರಿಗೂ ಕಡಲಿಗೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಸಂಬಂಧ ಹಳೆಯದು, ನಡುವೆ ಕಡಿದುಹೋಗಿದ್ದುದು. 1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದುಕೊಂಡಾಗ ಮಂಗಳೂರಿನ ಬಂದರೂ ಮೈಸೂರಿನ ವಶವಾಯಿತು. 1784ರ ಮಾರ್ಚಿ ತಿಂಗಳಿನಲ್ಲಿ ಟಿಪ್ಪುಸುಲ್ತಾನನಿಗೂ ಇಂಗ್ಲಿಷರ ಕಂಪೆನಿಗೂ ಒಪ್ಪಂದವಾದದ್ದು ಆ ಮಂಗಳೂರಿನಲ್ಲಿಯೇ. ಆದರೆ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕರಾವಳಿಯ ಸೀಮೆಯನ್ನು ಕಂಪೆನಿಯವರು ತಾವೇ ಇಟ್ಟುಕೊಂಡು, ಒಳನಾಡನ್ನು ಮಾತ್ರ ಒಡೆಯರಿಗೆ ಬಿಟ್ಟುಕೊಟ್ಟರು. ಅಂದಿನಿಂದ 1956ರ ನವೆಂಬರ್ 1ರಂದು ಕನ್ನಡನಾಡು ಒಂದಾಗುವವರೆಗೆ, ಒಟ್ಟು 157 ವರ್ಷಗಳ ಕಾಲ, ಮೈಸೂರಿಗೆ ತನ್ನದೆನ್ನುವ ಒಂದು ಮಾರು ಕಡಲತೀರವೂ ಇರಲಿಲ್ಲ.

ಕಾಪುವಿನ ದೀಪ ಹತ್ತಿದಾಗ ಆ ಊರು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದಿತು. ಆದರೂ ಆ ದೀಪಕ್ಕೆ ಘಟ್ಟದ ಮೇಲಿನವರ ಋಣವಿಲ್ಲದೆ ಇರಲಿಲ್ಲ. ಕೊಡಗಿನ ಮತ್ತು ಮೈಸೂರು ಸೀಮೆಯ ಕಾಫಿ ಘಟ್ಟವಿಳಿದು ಮಂಗಳೂರಿಗೆ ಬಂದು, ಅಲ್ಲಿ ಹದಗೊಂಡು, ಹಡಗನ್ನೇರಿ ಸೀಮೆಗೆ ಹೋಗುತ್ತಿದ್ದಿತು. ಮಂಗಳೂರಿಗೆ ಮದರಾಸಿನ ಕಡೆಯಿಂದ ರೈಲು ಬಂದದ್ದು 1907ರಲ್ಲಿ. ಕೊಂಕಣ ರೈಲು ಪೂರ್ತಿಯಾಗಿ ಓಡಿದ್ದು 1998ರಲ್ಲಿ. ಅಲ್ಲಿಯವರೆಗೆ ಮಂಗಳೂರು, ಮಲ್ಪೆ, ಹಂಗಾರಕಟ್ಟೆ, ಗಂಗೊಳ್ಳಿಗಳ ನಡುವೆ ಅಕ್ಕಿ, ಹಂಚು, ತೆಂಗಿನಕಾಯಿ, ಉಪ್ಪುಮೀನುಗಳನ್ನು ಹೊತ್ತು ತಿರುಗುತ್ತಿದ್ದುದು ಮಂಜಿಗಳೂ ಪತ್ತೆಮಾರಿಗಳೂ ಅಲ್ಲವೆ? ಹಾಯಿಯ ಹಡಗು ತೀರವನ್ನು ಬಿಟ್ಟು ಬಹುದೂರ ಹೋಗದು. ತೀರಕ್ಕೆ ಹತ್ತಿರ ಬಂದರೆ ಕಾಪುವಿನ ಸುತ್ತ ನೀರಿನಡಿಯಲ್ಲಿ ಬಂಡೆಗಳು. ದೂರ ಹೋದರೆ ಗಾಳಿಯ ಭಯ, ಹತ್ತಿರ ಬಂದರೆ ಕಲ್ಲಿನ ಭಯ. ಈ ಇಕ್ಕಟ್ಟಿನ ನಡುವೆ ನಿಲ್ಲಿಸಿದ್ದು ಈ ದೀಪ.

ಘಟ್ಟವಿಳಿದು

ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರಗಳನ್ನು ದಾಟಿ ಮಡಿಕೇರಿಯನ್ನು ತಲುಪುವಾಗ ಬಿಸಿಲು ಏರಿದ್ದಿತು. ಮಡಿಕೇರಿ ಬಿಟ್ಟ ಮೇಲೆ ರಸ್ತೆ ಸಂಪಾಜೆಯ ಕಡೆಗೆ ತಿರುವು ತಿರುವಾಗಿ ಇಳಿಯತೊಡಗುತ್ತದೆ. ಈ ಏಣಿನ ಮೂಡಣ ಮಗ್ಗುಲಲ್ಲಿ ಬಿದ್ದ ಮಳೆಹನಿ ಕಾವೇರಿಯನ್ನು ಸೇರಿ, ಕನ್ನಂಬಾಡಿಯಲ್ಲಿ ತಂಗಿ, ನಮ್ಮ ಮನೆಯ ನಲ್ಲಿಗೂ ಬಂದು, ಉಳಿದದ್ದು ಬಂಗಾಳಕೊಲ್ಲಿಗೆ ಹರಿಯುತ್ತದೆ. ಪಡುವಣ ಮಗ್ಗುಲಲ್ಲಿ ಬಿದ್ದದ್ದು ಪಯಸ್ವಿನಿಯಾಗಿ ಸುಳ್ಯದ ಮೇಲೆ ಹರಿದು, ಕಾಸರಗೋಡಿನ ಬಳಿ ಚಂದ್ರಗಿರಿ ಹೊಳೆಯ ಹೆಸರಿನಿಂದ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಇದನ್ನು ಮಕ್ಕಳಿಗೆ ಹೇಳುತ್ತಿದ್ದಾಗ ನಮ್ಮ ತಾಯಿಯವರು ಕಿಟಕಿಯ ಕಡೆಯಿಂದ ಮುಖ ತಿರುಗಿಸದೆ, "ಒಂದೇ ಮೋಡದ ಮಕ್ಕಳು, ಒಂದು ಈ ಕಡೆ, ಒಂದು ಆ ಕಡೆ" ಎಂದರು. 2018ರ ಆಗಸ್ಟಿನ ಮಳೆಗೆ ಜೋಡುಪಾಲದ ಬಳಿ ಗುಡ್ಡ ಕುಸಿದು ಮನೆಗಳನ್ನೂ ರಸ್ತೆಯನ್ನೂ ಕೊಚ್ಚಿಕೊಂಡು ಹೋದದ್ದು ಈ ದಾರಿಯಲ್ಲಿಯೇ. ಹಸುರು ಮತ್ತೆ ಎಲ್ಲವನ್ನೂ ಮುಚ್ಚಿದೆ; ಆದರೂ ಆ ತಿರುವಿನಲ್ಲಿ ಬಸ್ಸಿನೊಳಗಿನ ಮಾತು ತಾನಾಗಿ ತಗ್ಗಿತು.

ಸುಳ್ಯ, ಪುತ್ತೂರುಗಳಲ್ಲಿ ಕಂಗಿನ ತೋಟಗಳು, ಮುಂದೆ ನೇತ್ರಾವತಿಯ ಅಗಲವಾದ ಪಾತ್ರ, ಸೆಕೆ. ಮೈಸೂರಿನ ಸ್ವೆಟರುಗಳು ಒಂದೊಂದಾಗಿ ಚೀಲವನ್ನು ಸೇರಿದವು. ರಾತ್ರಿ ಮಂಗಳೂರಿನಲ್ಲಿ ತಂಗಿ, ಬೆಳಿಗ್ಗೆ ಬಾವುಟಗುಡ್ಡೆಯನ್ನು ಹತ್ತಿದೆವು. ಇದೂ ಒಂದು ದೀಪದ ಗುಡ್ಡವೇ. ಊರ ನಡುವೆ, ಸಂತ ಅಲೋಶಿಯಸ್ ಕಾಲೇಜಿನ ಪಕ್ಕದಲ್ಲಿ, ಹಳೆಯ ದೀಪಗೃಹದ ಗಿಡ್ಡ ಗೋಪುರ ಇಂದಿಗೂ ನಿಂತಿದೆ. 1837ರ ಏಪ್ರಿಲಿನಲ್ಲಿ ಸುಳ್ಯದ ಕಡೆಯಿಂದ ಎದ್ದ ರೈತರ ದಂಡು ಮಂಗಳೂರನ್ನು ಹಿಡಿದು, ಕಂಪೆನಿಯವರ ನಿಶಾನೆಯನ್ನು ಇಳಿಸಿ ತಮ್ಮ ಬಾವುಟವನ್ನು ಹಾರಿಸಿದ್ದು ಈ ಗುಡ್ಡದ ಮೇಲೆ. ಹದಿಮೂರು ದಿನ ಊರು ಅವರ ಕೈಯಲ್ಲಿದ್ದಿತು. ಗುಡ್ಡೆಗೆ ಹೆಸರು ಬಂದದ್ದು ಅದರಿಂದಲೇ ಎನ್ನುತ್ತಾರೆ. ಇಲ್ಲಿಯ ದೀಪ ಈಗ ಉರಿಯುವುದಿಲ್ಲ. ಊರು ಬೆಳೆದು ಸುತ್ತಲೂ ಬೆಳಕೇ ಬೆಳಕಾದಾಗ ಒಂದು ದೀಪಕ್ಕೆ ಏನು ಬೆಲೆ? ಆ ಕೆಲಸ ಉತ್ತರಕ್ಕೆ, ಸುರತ್ಕಲ್ಲಿನ ಕಡಲತಡಿಯ ದೀಪಸ್ತಂಭಕ್ಕೆ ಹೋಯಿತು.

ಬಂಡೆಯ ಮೇಲಿನ ಕಂಬ

ಮಂಗಳೂರಿನಿಂದ ಉಡುಪಿಯ ಕಡೆಗೆ ಓಡುವ ಖಾಸಗಿ ಬಸ್ಸುಗಳ ವೇಗವನ್ನು ವರ್ಣಿಸಲು ಬೇರೆಯೇ ಒಂದು ಲೇಖನ ಬೇಕು. ಕಂಡಕ್ಟರನ ಸೀಟಿಯ ಒಂದೊಂದು ಸ್ವರಕ್ಕೂ ಒಂದೊಂದು ಅರ್ಥ. ಸುರತ್ಕಲ್, ಮೂಲ್ಕಿ, ಪಡುಬಿದ್ರಿ, ಉಚ್ಚಿಲ, ಹೀಗೆ ಊರುಗಳು ಹಿಂದೆ ಸರಿದು, ಸುಮಾರು 45 ಕಿಲೋಮೀಟರ್ ಆಗುವಾಗ ಕಾಪು ಬಂದಿತು. ಇಲ್ಲಿಂದ ಉಡುಪಿಗೆ ಇನ್ನು ಹದಿನೈದು ಕಿಲೋಮೀಟರಿನೊಳಗೆ. ಕಾಪುವೆಂದರೆ ಈ ಸೀಮೆಯ ಜನರಿಗೆ ಮೊದಲು ನೆನಪಾಗುವುದು ಮಾರಿಯಮ್ಮ. ಒಂದೇ ಊರಿನಲ್ಲಿ ಹಳೆಯ ಮಾರಿಗುಡಿ, ಹೊಸ ಮಾರಿಗುಡಿ, ಮೂರನೆಯ ಮಾರಿಗುಡಿ ಎಂದು ಮೂರು ಗುಡಿಗಳು. ಹೊಸ ಮಾರಿಗುಡಿಯನ್ನು ಈಚೆಗೆ ಕೆಂಪು ಕಲ್ಲಿನಲ್ಲಿ ಭವ್ಯವಾಗಿ ಮತ್ತೆ ಕಟ್ಟಿದ್ದಾರೆ. ತಾಯಿಯವರ ಅಪ್ಪಣೆಯಂತೆ ಅಲ್ಲಿ ಕೈಮುಗಿದೇ ಕಡಲಿನ ಕಡೆಗೆ ತಿರುಗಿದೆವು.

ಹೆದ್ದಾರಿಯಿಂದ ಪಡುವಣಕ್ಕೆ ಸ್ವಲ್ಪ ದೂರ ತೆಂಗಿನ ತೋಟಗಳ ನಡುವೆ ನಡೆದರೆ, ಒಮ್ಮೆಲೇ ಮರಗಳು ಮುಗಿದು, ಮರಳು, ಅದರಾಚೆ ನೀರು, ನೀರಿನ ಅಂಚಿಗೆ ಕಪ್ಪು ಬಂಡೆ, ಬಂಡೆಯ ನೆತ್ತಿಯ ಮೇಲೆ ಕಪ್ಪು ಬಿಳುಪು ಪಟ್ಟೆಗಳ ದುಂಡನೆಯ ಗೋಪುರ. ದೀಪಸ್ತಂಭವೆಂಬ ಮಾತನ್ನು ಕೇಳಿ ದೇವಸ್ಥಾನದ ಮುಂದಣ ಕಲ್ಲಿನ ಕಂಬವನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದಿದ್ದ ತಾಯಿಯವರು, "ಇಷ್ಟು ದಪ್ಪವೇ!" ಎಂದು ನಿಂತುಬಿಟ್ಟರು. ಗೋಪುರದ ಎತ್ತರ ಸುಮಾರು 27 ಮೀಟರ್, ಎಂದರೆ ಎಂಬತ್ತೊಂಬತ್ತು ಅಡಿಗಳಷ್ಟು. ಬಂಡೆಯ ಎತ್ತರ ಬೇರೆ. ಪಟ್ಟೆಗಳು ಅಲಂಕಾರಕ್ಕಲ್ಲ. ರಾತ್ರಿಯಲ್ಲಿ ದೀಪ ಮಾಡುವ ಕೆಲಸವನ್ನು ಹಗಲಿನಲ್ಲಿ ಬಣ್ಣ ಮಾಡಬೇಕು. ಒಂದು ತೀರದ ಗೋಪುರ ಬರಿಯ ಬಿಳುಪು, ಇನ್ನೊಂದು ಪಟ್ಟೆಯದು, ಮತ್ತೊಂದು ಬೇರೆ ಆಕಾರದ್ದು. ನಾವಿಕನು ದುರ್ಬೀನಿನಲ್ಲಿ ನೋಡಿ ತಾನು ಯಾವ ಊರಿನ ಮುಂದಿದ್ದೇನೆಂದು ಗುರುತಿಸಬೇಕು.

ಗೋಪುರದೊಳಕ್ಕೆ ದಿನವೂ ಸಂಜೆಯ ಹೊತ್ತು ಸ್ವಲ್ಪ ಕಾಲ ಮಾತ್ರ ಜನರನ್ನು ಬಿಡುತ್ತಾರೆ, ಅಲ್ಪ ಶುಲ್ಕವುಂಟು. ಬಂಡೆಯನ್ನು ಏರಲು ಮೆಟ್ಟಿಲುಗಳಿವೆ. ತಾಯಿಯವರು ಅವುಗಳ ಕಡೆಗೆ ಒಮ್ಮೆ, ತಮ್ಮ ಮೊಣಕಾಲಿನ ಕಡೆಗೆ ಒಮ್ಮೆ ನೋಡಿ, "ನೀವು ಹೋಗಿಬನ್ನಿ. ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲು ಹತ್ತಿದ ಕಾಲು ಇದು, ಇದರ ಮಾನ ಉಳಿಯಲಿ" ಎಂದು, ಮರಳಿನ ಮೇಲೆಳೆದಿಟ್ಟಿದ್ದ ದೋಣಿಯೊಂದರ ನೆರಳಿನಲ್ಲಿ ಕುಳಿತರು. ಅಲ್ಲಿ ಮುದುಕರೊಬ್ಬರು ಬಲೆಯ ಹರಕನ್ನು ಹೆಣೆಯುತ್ತಿದ್ದರು.

ಬೆಳಕನ್ನು ಹಿಡಿದು ಕಳಿಸುವ ಗಾಜು

ಒಳಗೆ ತಂಪು, ಮಬ್ಬು. ದಪ್ಪ ಗೋಡೆಯನ್ನು ಒರಗಿಕೊಂಡು ಮೆಟ್ಟಿಲು ಸುತ್ತಿ ಸುತ್ತಿ ಏರುತ್ತದೆ. ಅಲ್ಲಲ್ಲಿ ಕಿರುಗಿಂಡಿಗಳು, ಒಂದೊಂದು ಸುತ್ತಿಗೂ ಅವುಗಳಲ್ಲಿ ಕಾಣುವ ಕಡಲು ಇನ್ನಷ್ಟು ಅಗಲ. ಕೊನೆಯಲ್ಲಿ ಮೆಟ್ಟಿಲು ಮುಗಿದು ಕಡಿದಾದ ಕಬ್ಬಿಣದ ಏಣಿ. ಮಕ್ಕಳು ಅಳಿಲಿನಂತೆ ಏರಿದರು. ಸೀರೆಯ ನಿರಿಗೆಯನ್ನು ಎತ್ತಿ ಸಿಕ್ಕಿಸಿಕೊಂಡು ಮನೆಯಾಕೆಯೂ ಏರಿದಳು. ಕೊನೆಗೆ ಏದುಸಿರು ಬಿಡುತ್ತ ಬಂದವನು ನಾನೊಬ್ಬನೇ.

ಮೊದಲು ಈ ಗೋಪುರದಲ್ಲಿ ಉರಿದದ್ದು ಸೀಮೆಎಣ್ಣೆಯ ಬತ್ತಿಯ ದೀಪ. ನಮ್ಮ ಅಜ್ಜಿಯರ ಕಾಲದಲ್ಲಿ ಮನೆಯ ಪಡಸಾಲೆಯಲ್ಲಿದ್ದಂತಹ ಬತ್ತಿಯ ದೀಪ ಹರದಾರಿಗಳಾಚೆಯ ಹಡಗಿಗೆ ಕಾಣುವುದಾದರೂ ಹೇಗೆ ಎಂದು ಮಗಳು ಕೇಳಿದಳು. ಉತ್ತರವಿರುವುದು ದೀಪದಲ್ಲಲ್ಲ, ಅದರ ಸುತ್ತಣ ಗಾಜಿನಲ್ಲಿ. ದೀಪದ ಬೆಳಕು ನಾಲ್ಕೂ ಕಡೆಗೆ, ಮೇಲಕ್ಕೂ ಕೆಳಕ್ಕೂ, ಚೆಲ್ಲಿಹೋಗುತ್ತದೆ. ಆಕಾಶಕ್ಕೆ ಹೋದ ಬೆಳಕಿನಿಂದ ನಾವಿಕನಿಗೇನು ಪ್ರಯೋಜನ? ಅದನ್ನೆಲ್ಲ ಬಾಗಿಸಿ ಕಡಲಿನ ಮಟ್ಟಕ್ಕೆ ಒಂದೇ ಕಂತೆಯಾಗಿ ಕಳುಹಿಸಬೇಕು. ದಪ್ಪನೆಯ ಒಂದೇ ಮಸೂರವನ್ನು ಮಾಡಿದರೆ ಅದರ ಭಾರ ಹೊರಲಾಗದು. ಬೆಳಕನ್ನು ಗಾಜೇ ನುಂಗಿಬಿಡುತ್ತದೆ. ಫ್ರಾನ್ಸಿನ ಆಗಸ್ಟಿನ್ ಫ್ರೆನೆಲ್ ಎಂಬ ಇಂಜಿನಿಯರನು ಮಸೂರವನ್ನು ಉಂಗುರ ಉಂಗುರವಾಗಿ ಸೀಳಿ, ಬೇಡದ ಗಾಜನ್ನೆಲ್ಲ ತೆಗೆದುಹಾಕಿ, ಬಾಗಿದ ಅಂಚುಗಳನ್ನು ಮಾತ್ರ ಉಳಿಸಿಕೊಂಡು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದನು. 1823ರಲ್ಲಿ ಫ್ರಾನ್ಸಿನ ಕೋರ್ಡುವಾನ್ ದೀಪಗೃಹದಲ್ಲಿ ಅದನ್ನು ಮೊದಲು ಹೊತ್ತಿಸಿದರು. ನಾಲ್ಕು ವರ್ಷಗಳಲ್ಲಿ, ಮೂವತ್ತೊಂಬತ್ತರ ಪ್ರಾಯದಲ್ಲಿ, ಅವನು ಕ್ಷಯದಿಂದ ತೀರಿಕೊಂಡನು. ಆದರೆ ಅವನ ಗಾಜು ಪ್ರಪಂಚದ ಎಲ್ಲ ಕಡಲುಗಳ ತೀರಕ್ಕೂ ಹೋಯಿತು, ಕಾಪುವಿಗೂ ಬಂದಿತು.

ಮುಂದೆ ಬತ್ತಿಯ ಬದಲು ಸೀಮೆಎಣ್ಣೆಯ ಆವಿ ಉರಿಯುವ ದೀಪ ಬಂದಿತು. ಮದುವೆಮನೆಯ ಚಪ್ಪರದಲ್ಲಿ ಪೆಟ್ರೊಮ್ಯಾಕ್ಸ್ ದೀಪವನ್ನು ಕಂಡವರಿಗೆ ಅದರ ಗುಟ್ಟು ತಿಳಿದೇ ಇದೆ: ಒತ್ತಡದಿಂದ ಆವಿಯಾದ ಎಣ್ಣೆ, ಅದರ ಉರಿಗೆ ಬೆಳ್ಳಗೆ ಕಾಯುವ ಮ್ಯಾಂಟಲ್. ಆಮೇಲೆ ಬಂದದ್ದು ವಿದ್ಯುತ್ತು. ಈಗ ಗುಂಡಿಯೊಂದನ್ನು ಒತ್ತಿದರೆ ಆಗುವ ಕೆಲಸಕ್ಕೆ ಎಣ್ಣೆಯ ಕಾಲದ ದೀಪಗೃಹಗಳಲ್ಲಿ ಇಡೀ ರಾತ್ರಿಯ ದುಡಿಮೆ ಬೇಕಾಗುತ್ತಿದ್ದಿತು. ಎಣ್ಣೆಯನ್ನು ಮೇಲಕ್ಕೆ ಹೊರಬೇಕು. ಗಾಜಿಗೆ ಹಿಡಿದ ಮಸಿಯನ್ನು ಒರಸಬೇಕು. ತಿರುಗುವ ಮಸೂರವುಳ್ಳ ದೀಪವಾದರೆ ಗಡಿಯಾರಕ್ಕೆ ಕೀಲಿ ಕೊಡುವಂತೆ ಅದರ ಭಾರದ ಗುಂಡನ್ನು ಮತ್ತೆ ಮತ್ತೆ ಮೇಲಕ್ಕೆ ಸುತ್ತಬೇಕು. ದೀಪ ನಿಂತರೆ ಕೇಳುವವರು ಅಲ್ಲಿ ಯಾರೂ ಇರಲಿಲ್ಲ; ಕಡಲಿನಲ್ಲಿದ್ದವನು ಬಂದು ದೂರು ಹೇಳುವಂತೆಯೂ ಇರಲಿಲ್ಲ. ಮೇಲಧಿಕಾರಿಯ ಕಣ್ಣಿಲ್ಲದ ಕಡೆಯಲ್ಲಿ, ಹೆಸರೂ ಉಳಿಯದ ಕಾವಲುಗಾರರು, ಮಳೆಗಾಲದ ರಾತ್ರಿಗಳಲ್ಲಿ ಬತ್ತಿಯನ್ನು ನೋಡಿಕೊಂಡು ಕುಳಿತಿದ್ದರೆಂಬುದನ್ನು ನೆನೆದಾಗ, ಆ ಕಿರಿದಾದ ಕೋಣೆಯಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಬೇಕೆನಿಸಿತು.

ಒಂದೊಂದು ದೀಪಕ್ಕೂ ಒಂದೊಂದು ತಾಳವುಂಟೆಂಬುದು ಮಕ್ಕಳಿಗೆ ಬಹಳ ಹಿಡಿಸಿತು. ಇಷ್ಟು ಸೆಕೆಂಡಿಗೆ ಇಷ್ಟು ಮಿಂಚು ಎಂದು ಪ್ರತಿಯೊಂದು ದೀಪಸ್ತಂಭಕ್ಕೂ ಗೊತ್ತುಮಾಡಿ, ನಾವಿಕರ ಪುಸ್ತಕದಲ್ಲಿ ಬರೆದಿಡುತ್ತಾರೆ. ನೆರೆಯ ದೀಪದ ತಾಳ ಬೇರೆ. ಕತ್ತಲೆಯಲ್ಲಿ ಮಿಂಚನ್ನು ಎಣಿಸಿ ನಾವಿಕನು, 'ಇದು ಸುರತ್ಕಲ್ ಅಲ್ಲ, ಕಾಪು' ಎಂದು ತಿಳಿಯುತ್ತಾನೆ.

ಮೇಲಿನಿಂದ ಕಂಡದ್ದು

ಸುತ್ತುಮೊಗಸಾಲೆಗೆ ಹೊರಬಂದರೆ ಗಾಳಿ ಮಾತನ್ನೇ ಕಿತ್ತುಕೊಂಡು ಹೋಗುತ್ತದೆ. ಮೂಡಣಕ್ಕೆ ತೆಂಗಿನ ಗರಿಗಳ ಹಸುರು ಕಡಲು; ಪಡುವಣಕ್ಕೆ ನೀರಿನ ನೀಲಿ ಕಡಲು; ನಡುವೆ ನೂಲಿನಂತೆ ಮರಳು. ಕೆಳಗೆ ಬಂಡೆಗಳ ಸುತ್ತ ನೊರೆ ಬಿಳಿಯ ಬಳೆಯಂತೆ ಹುಟ್ಟಿ ಹುಟ್ಟಿ ಒಡೆಯುತ್ತಿದ್ದಿತು. ನೀರಿಗಿಂತ ಮೇಲೆದ್ದ ಬಂಡೆಯಿಂದ ಭಯವಿಲ್ಲ, ಕಣ್ಣಿಗೆ ಕಾಣುತ್ತದೆ. ಅಲೆ ಹಿಂದಕ್ಕೆ ಸರಿದಾಗ ಒಂದು ಕ್ಷಣ ಮಾತ್ರ ಕಪ್ಪಾಗಿ ಇಣುಕಿ ಮತ್ತೆ ಮುಳುಗುವ ಕಲ್ಲುಗಳೇ ಹಡಗಿನ ಹೊಟ್ಟೆಯನ್ನು ಸೀಳುವಂತಹವು. ಅವನ್ನು ಮೇಲಿನಿಂದ ನೋಡಿದ ಮೇಲೆ ಇಲ್ಲಿ ದೀಪವೇಕೆ ಬೇಕಾಯಿತೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಉತ್ತರಕ್ಕೆ, ಮಲ್ಪೆಯಾಚೆ, ಸೈಂಟ್ ಮೇರೀಸ್ ದ್ವೀಪಗಳು. ಲಾವಾರಸವು ತಣಿದು ಒಡೆದು ಷಟ್ಕೋನದ ಕಲ್ಲುಕಂಬಗಳಾಗಿ ನಿಂತಿರುವ ಸೋಜಿಗದ ಸ್ಥಳವದು; ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳಲ್ಲಿ ಒಂದು. 1498ರಲ್ಲಿ ವಾಸ್ಕೊ ಡ ಗಾಮನು ಅಲ್ಲಿ ಇಳಿದು ಆ ಹೆಸರಿಟ್ಟನೆಂದು ಪ್ರತೀತಿ. ಇನ್ನೂ ಹಳೆಯದಾದ ಕಥೆಯೊಂದುಂಟು. ಹದಿಮೂರನೆಯ ಶತಮಾನದಲ್ಲಿ ಮಲ್ಪೆಯ ಮುಂದೆ ಹಡಗೊಂದು ಬಿರುಗಾಳಿಗೆ ಸಿಕ್ಕಿತಂತೆ. ತೀರದಲ್ಲಿದ್ದ ಶ್ರೀ ಮಧ್ವಾಚಾರ್ಯರು ತಮ್ಮ ಉತ್ತರೀಯವನ್ನು ಬೀಸಿ ದಾರಿ ತೋರಿದರಂತೆ. ಬದುಕಿ ಬಂದ ನಾವಿಕನು ಕೃತಜ್ಞತೆಯಿಂದ ಕೊಟ್ಟ ಗೋಪೀಚಂದನದ ಗಟ್ಟಿಯೊಳಗೆ ಉಡುಪಿಯ ಶ್ರೀಕೃಷ್ಣನ ಮೂರ್ತಿ ದೊರೆಯಿತಂತೆ. ಭಕ್ತರು ಇದನ್ನು ಮಹಿಮೆಯೆಂದು ಕೇಳುತ್ತಾರೆ. ಆ ಗೋಪುರದ ಮೇಲೆ ನಿಂತ ನನಗೆ ಇನ್ನೊಂದು ಅರ್ಥವೂ ಹೊಳೆಯಿತು. ದಾರಿ ತಪ್ಪಿದವನಿಗೆ ತೀರದಿಂದ ಯಾರೋ ಒಬ್ಬರು ಗುರುತು ತೋರಿಸಬೇಕೆಂಬುದು ಈ ಕರಾವಳಿಗೆ ಇಂಗ್ಲಿಷರು ಬಂದು ಕಲಿಸಿದ ಪಾಠವಲ್ಲ. ಉಡುಪಿಯ ದೇವರ ಕಥೆಯೇ ಅಲ್ಲಿಂದ ಮೊದಲಾಗುತ್ತದೆ.

ಮಗನು ದಿಗಂತ ಎಷ್ಟು ದೂರವೆಂದು ಕೇಳಿದನು. ಮರಳಿನ ಮೇಲೆ ನಿಂತ ಮನುಷ್ಯನಿಗೆ ಕಡಲಿನ ಅಂಚು ನಾಲ್ಕೂವರೆ ಕಿಲೋಮೀಟರಿನಷ್ಟೇ ದೂರ. ಮೂವತ್ತು ಮೀಟರ್ ಮೇಲೇರಿದರೆ ಅದು ಸುಮಾರು ಇಪ್ಪತ್ತು ಕಿಲೋಮೀಟರಿಗೆ ಹಿಂದೆ ಸರಿಯುತ್ತದೆ. ಭೂಮಿ ಗುಂಡಾಗಿರುವುದರಿಂದ ದೀಪವನ್ನು ಎಷ್ಟು ಪ್ರಖರವಾಗಿ ಉರಿಸಿದರೂ ಸಾಲದು, ಎತ್ತರಕ್ಕೂ ಏರಿಸಬೇಕು. ಅದಕ್ಕಾಗಿಯೇ ಬಂಡೆಯನ್ನು ಹುಡುಕಿದ್ದು, ಬಂಡೆಯ ಮೇಲೆ ಗೋಪುರವನ್ನು ಕಟ್ಟಿದ್ದು.

ಬಲೆ ಹೆಣೆಯುವವರ ಮಾತು

ಕೆಳಗಿಳಿದು ಬರುವಷ್ಟರಲ್ಲಿ ತಾಯಿಯವರಿಗೂ ಬಲೆ ಹೆಣೆಯುತ್ತಿದ್ದ ಹಿರಿಯರಿಗೂ ಪರಿಚಯ ಬೆಳೆದಿದ್ದಿತು. ಅವರು ಮೊಗವೀರರು, ಮನೆಮಾತು ತುಳು. ನಮ್ಮೊಡನೆ ಅಲ್ಲಿಯ ಕನ್ನಡದಲ್ಲಿ ಮಾತನಾಡಿದರು. ಹುಡುಗನಾಗಿದ್ದಾಗ ರಂಪಣಿ ಬಲೆಯ ಹಗ್ಗವನ್ನು ಎಳೆದವರಂತೆ. ಊರಿಗೆ ಊರೇ ಸೇರಿ ಅರ್ಧಚಂದ್ರಾಕಾರವಾಗಿ ಕಡಲಿಗೆ ಬೀಸಿ, ಎರಡು ತುದಿಗಳನ್ನೂ ತೀರದಿಂದ ಎಳೆದು, ಸಿಕ್ಕಿದ್ದನ್ನು ಹಂಚಿಕೊಳ್ಳುವ ಬಲೆ ಅದು. ಎಪ್ಪತ್ತರ ದಶಕದಲ್ಲಿ ಯಂತ್ರದ ದೋಣಿಗಳೂ ಪರ್ಸೀನ್ ಬಲೆಗಳೂ ಬಂದ ಮೇಲೆ ಮೀನು ತೀರಕ್ಕೆ ಬರುವುದೇ ಕಡಿಮೆಯಾಗಿ, ರಂಪಣಿ ಮಾಯವಾಯಿತು. ಈಗ ದೊಡ್ಡ ಬೋಟುಗಳು ಮಲ್ಪೆಯಿಂದ ಹೊರಟು ವಾರಕ್ಕೂ ಮೀರಿ ಕಡಲಿನಲ್ಲಿಯೇ ಇರುತ್ತವೆ. ಜೂನ್, ಜುಲೈ ಎರಡು ತಿಂಗಳು ಮಾತ್ರ ಮೀನು ಮರಿಮಾಡುವ ಕಾಲವೆಂದು ಸರಕಾರ ಅವುಗಳನ್ನು ನಿಲ್ಲಿಸುತ್ತದೆ.

ತಾಯಿಯವರು ನಮ್ಮ ಮನಸ್ಸಿನಲ್ಲಿದ್ದ ಪ್ರಶ್ನೆಯನ್ನೇ ಕೇಳಿಬಿಟ್ಟರು: "ಈಗೆಲ್ಲ ಫೋನು, ಉಪಗ್ರಹ ಅಂತಾರಲ್ಲಪ್ಪ, ಈ ದೀಪ ಇನ್ನೂ ಬೇಕೆ?"

ಹಿರಿಯರು ಸೂಜಿಯನ್ನು ನಿಲ್ಲಿಸಲಿಲ್ಲ. "ಜಿ.ಪಿ.ಎಸ್. ಉಂಟು ಅಮ್ಮ, ವೈರ್‌ಲೆಸ್ ಉಂಟು. ದೊಡ್ಡ ಬೋಟಿನವರಿಗೆ ಎಲ್ಲ ಉಂಟು. ನಾಡದೋಣಿಯವರಿಗೆ ಎಲ್ಲಿಂದ? ಇದ್ದರೂ ಎಲ್ಲ ಬ್ಯಾಟರಿಯದ್ದು ಅಲ್ಲವಾ? ಮಳೆನೀರು ಒಳಗೆ ಹೋದರೆ ಆಯ್ತು. ಯಂತ್ರ ಕೆಟ್ಟ ದಿನ ಕಣ್ಣೇ ಗತಿ. ಕಣ್ಣಿಗೆ ಏನಾದರೂ ಕಾಣಬೇಕಲ್ಲ?" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಯಂತ್ರ ಇದ್ದೂ ಹೋದವರು ಇದ್ದಾರೆ" ಎಂದು ಸೇರಿಸಿದರು.

ಅವರು ಯಾವುದನ್ನು ನೆನೆದು ಹೇಳಿದರೆಂದು ಕೇಳುವ ಅಗತ್ಯವಿರಲಿಲ್ಲ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ 'ಸುವರ್ಣ ತ್ರಿಭುಜ' ಎಂಬ ಬೋಟು ಏಳು ಮಂದಿ ಮೀನುಗಾರರೊಡನೆ ಹೊರಟಿತು. ಎರಡು ದಿನಗಳ ಮೇಲೆ ಅದರ ಸುದ್ದಿ ನಿಂತುಹೋಯಿತು. ತಿಂಗಳುಗಟ್ಟಲೆ ಮನೆಯವರು ದಾರಿ ಕಾದರು. ಸಾವಿರಾರು ಮೀನುಗಾರರು ಹೆದ್ದಾರಿಗೆ ಬಂದು ಹುಡುಕಿಕೊಡಿರೆಂದು ಮೊರೆಯಿಟ್ಟರು. 2019ರ ಮೇ ತಿಂಗಳಿನಲ್ಲಿ ಮಹಾರಾಷ್ಟ್ರದ ಮಾಲ್ವಣದ ಆಚೆ ಕಡಲಿನ ತಳದಲ್ಲಿ ಬೋಟಿನ ಅವಶೇಷವನ್ನು ನೌಕಾಪಡೆಯವರು ಪತ್ತೆಮಾಡಿದರು. ಏಳು ಮಂದಿಯಲ್ಲಿ ಒಬ್ಬರೂ ಮರಳಲಿಲ್ಲ.

2021ರ ಮೇ ತಿಂಗಳ 'ತೌಕ್ತೆ' ಚಂಡಮಾರುತದಲ್ಲಿ ಇದೇ ಕಾಪು-ಮೂಲ್ಕಿಯ ತೀರದಾಚೆ 'ಕೋರಮಂಡಲ್ ಸಪೋರ್ಟರ್ 9' ಎಂಬ ಟಗ್ ಬಂಡೆಗಳ ನಡುವೆ ಸಿಕ್ಕಿಕೊಂಡಿತು. ಒಂಬತ್ತು ಮಂದಿ ಅಲೆಗಳ ಹೊಡೆತದಲ್ಲಿ ರಾತ್ರಿಗಳನ್ನು ಕಳೆದರು. ಮೇ 17ರಂದು ತಟರಕ್ಷಣಾ ಪಡೆಯ ಹಡಗೂ ನೌಕಾಪಡೆಯ ಹೆಲಿಕಾಪ್ಟರೂ ಬಂದು ಒಂಬತ್ತು ಮಂದಿಯನ್ನೂ ಉಳಿಸಿದವು. ದೀಪವೊಂದೇ ಎಲ್ಲರನ್ನೂ ಕಾಯುತ್ತದೆಂದು ಯಾರೂ ಹೇಳಲಾರರು. ಎಂಜಿನು ನಿಂತ ಹಡಗಿಗೆ ದೀಪ ಬಂಡೆಯನ್ನು ತೋರಿಸಬಹುದು. ಅದರಿಂದ ಎಳೆದು ತರಲಾರದು. ಆದರೆ ಉಪಗ್ರಹ, ರೇಡಿಯೋ, ಹೆಲಿಕಾಪ್ಟರುಗಳಿರುವ ಕಾಲದಲ್ಲಿಯೂ ಇಲ್ಲಿಯ ಬಂಡೆಗಳು ತಮ್ಮ ಕೆಲಸವನ್ನು ಬಿಟ್ಟಿಲ್ಲ. ಅವು ಇರುವವರೆಗೆ ದೀಪ ತನ್ನ ಕೆಲಸವನ್ನು ಬಿಡಲಾಗದು.

ಸರಕಾರವೂ ಹಾಗೆಯೇ ಎಣಿಸಿರಬೇಕು. ದೀಪಸ್ತಂಭಗಳನ್ನು ಕೇಂದ್ರ ಸರಕಾರದ ಆಡಳಿತಕ್ಕೆ ತಂದ 1927ರ ಕಾಯಿದೆಯ ಬದಲಿಗೆ 2021ರಲ್ಲಿ ಹೊಸ ಕಾಯಿದೆ ಬಂದಿತು. ರೇಡಿಯೋ ಮತ್ತು ಇತರ ಹೊಸ ಸಾಧನಗಳನ್ನೂ ಅದು ತನ್ನೊಳಗೆ ಸೇರಿಸಿಕೊಂಡಿತು; ಹಳೆಯ ದೀಪಗಳನ್ನೂ ಕೈಬಿಡಲಿಲ್ಲ.

ದೀಪ ಹತ್ತಿದ ಮೇಲೆ

ಸೂರ್ಯ ನೀರಿಗಿಳಿಯುವಾಗ ಮರಳಿನ ಮೇಲೆ ಜಾತ್ರೆಯಂತೆ ಜನ. ಕಡಲೆ, ಚುರುಮುರಿ, ಐಸ್‌ಕ್ರೀಮು, ಕೈಯಲ್ಲಿ ಫೋನು. ಸೂರ್ಯ ಮುಳುಗಿದೊಡನೆ ಬಹುಮಂದಿ ಎದ್ದುಹೋದರು. ನಿಜವಾದ ನೋಟ ಆಮೇಲಿನದು. ಆಕಾಶದ ಕೆಂಪು ಕಂದುವ ಹೊತ್ತಿಗೆ ಗೋಪುರದ ನೆತ್ತಿಯಲ್ಲಿ ಬೆಳಕು ಕಣ್ಣುಬಿಟ್ಟಿತು. ಮೊದಲು ಅದು ಏನೂ ಅಲ್ಲವೆನ್ನುವಷ್ಟು ಸಣ್ಣದು. ಕತ್ತಲೆ ದಟ್ಟವಾದಂತೆ ಅದರ ಮಿಂಚು ತೆಂಗಿನ ತಲೆಗಳ ಮೇಲೆ, ನೀರಿನ ಮೇಲೆ ಹಾದುಹೋಗತೊಡಗಿತು. ಮಕ್ಕಳು ಬೆರಳು ಮಡಿಸಿ ಎಣಿಸಿದರು. ತಾಯಿಯವರು ಕೈಮುಗಿದರು. ಅವರಿಗೆ ಸಂಜೆಯ ದೀಪವೆಂದರೆ ಕೈಮುಗಿಯುವುದು ಅಭ್ಯಾಸ. ಅದು ದೇವರ ಮನೆಯದೋ ಇಲಾಖೆಯದೋ ಎಂಬ ಭೇದವಿಲ್ಲ. ದೂರ ಕಡಲಿನಲ್ಲಿ ಬೋಟುಗಳ ಕಿರುದೀಪಗಳು ಒಂದೊಂದಾಗಿ ಕಾಣಿಸಿಕೊಂಡವು.

ಹೋಗಬೇಕೆನ್ನುವ ಓದುಗರಿಗೆ ಒಂದೆರಡು ಮಾತು. ನವೆಂಬರಿನಿಂದ ಫೆಬ್ರವರಿಯವರೆಗೆ ಹವೆ ಹಿತವಾಗಿರುತ್ತದೆ. ಮಳೆಗಾಲದಲ್ಲಿ ಕಡಲಿನ ಹತ್ತಿರಕ್ಕೂ ಹೋಗಬಾರದು. ಮಧ್ಯಾಹ್ನವೇ ಹೋಗಿ ಗೋಪುರದ ಬಾಗಿಲು ಮುಚ್ಚಿದೆಯೆಂದು ಬೇಸರಪಡುವುದಕ್ಕಿಂತ ನಾಲ್ಕು ಗಂಟೆಯ ಮೇಲೆ ಹೋಗುವುದು ಲೇಸು. ಆ ದಿನದ ವೇಳೆಯನ್ನು ಊರಿನವರಲ್ಲಿ ಕೇಳಿಕೊಳ್ಳಬಹುದು. ಏಣಿಯನ್ನು ಏರುವವರು ಕೈಯಲ್ಲಿ ಚೀಲ ಹಿಡಿಯಬಾರದು. ಬಂಡೆಯ ಬುಡದಲ್ಲಿ ಪಾಚಿ ಜಾರುತ್ತದೆ, ಸೆಳೆತವೂ ಹೆಚ್ಚು. ಅಲ್ಲಿ ನೀರಿಗಿಳಿಯುವುದು ಸರ್ವಥಾ ಕೂಡದು. ಎಷ್ಟೋ ಹಡಗುಗಳಿಗೆ ಎಚ್ಚರಿಕೆ ಹೇಳಿದ ದೀಪದ ಅಡಿಯಲ್ಲಿಯೇ ನಿಂತು ಅದರ ಎಚ್ಚರಿಕೆಯನ್ನು ಮೀರುವುದು ಸಲ್ಲದು. ತಿಂಡಿ ಕಟ್ಟಿಕೊಂಡು ಹೋದ ಕಾಗದ, ಪ್ಲಾಸ್ಟಿಕ್ಕುಗಳನ್ನು ಮರಳಿನಲ್ಲಿ ಬಿಡದೆ ಮರಳಿ ತಂದರೆ ಬಲೆ ಹಾಕುವವರಿಗೆ ದೊಡ್ಡ ಉಪಕಾರ. ಅವರ ಬಲೆಗೆ ಈಚೆಗೆ ಮೀನಿನೊಡನೆ ಅವೂ ಬೀಳುತ್ತವೆ.

ಸಾಧ್ಯವಾದವರು ಕತ್ತಲಾಗುವವರೆಗೆ ನಿಲ್ಲಬೇಕು. ಸೂರ್ಯಾಸ್ತ ಎಲ್ಲ ತೀರಗಳಲ್ಲಿಯೂ ಉಂಟು. 1901ರಿಂದ ಇಂದಿನವರೆಗೆ, ರಾಜ್ಯಗಳು ಬದಲಾಗಿ, ಜಿಲ್ಲೆಯ ಹೆಸರು ಬದಲಾಗಿ, ಎಣ್ಣೆ ಹೋಗಿ ವಿದ್ಯುತ್ತು ಬಂದು, ಹಾಯಿ ಹೋಗಿ ಎಂಜಿನು ಬಂದರೂ, ಇಂದು ಕಡಲಿಗೆ ಹೋದವನೊಬ್ಬನು ನಾಳೆ ಬೆಳಗಾಗುವುದರೊಳಗೆ ಮನೆಗೆ ಬರಲೆಂದು ಹೊತ್ತಿಸುವ ದೀಪ ಅಲ್ಲಿ ಹತ್ತುವುದನ್ನು ಕಣ್ಣಾರೆ ನೋಡಬೇಕು. ಮರುದಿನ ನಾವು ಉಡುಪಿಗೆ ಹೋಗಿ, ಕಿಂಡಿಯಿಂದ ಶ್ರೀಕೃಷ್ಣನ ದರ್ಶನಮಾಡಿ, ಅಲ್ಲಿಂದ ಮಲ್ಪೆಯ ಬಂದರಿಗೆ ಹೋದೆವು. ರಾತ್ರಿಯ ಬೋಟುಗಳು ಒಂದರ ಹಿಂದೊಂದು ದಡಕ್ಕೆ ಬಂದು ನಿಲ್ಲುತ್ತಿದ್ದವು. ಬುಟ್ಟಿ ಹಿಡಿದ ಹೆಂಗಸರು ಅವುಗಳನ್ನು ಎಣಿಸುತ್ತ ನಿಂತಿದ್ದರು.